ಅಪರಿಚಿತರ ಬಾಗಿಲಲ್ಲಿ

ದೇಶದ ಚುನಾವಣೆಗೂ ಊರಿನ ಚುನಾವಣೆಗೂ ಮೇಲುನೋಟಕ್ಕೆ ಕಾಣದ ಒಂದು ವ್ಯತ್ಯಾಸವುಂಟು. ದೇಶದ ಚುನಾವಣೆಗೆ ನಿಂತವರು ವೇದಿಕೆಯನ್ನೇರಿ ಮಾತನಾಡುತ್ತಾರೆ, ಜನ ಕೆಳಗೆ ಕುಳಿತು ಕೇಳುತ್ತಾರೆ. ಊರಿನ ಚುನಾವಣೆಯಲ್ಲಿ ಇದು ತಿರುಗುಮುರುಗು. ಅಲ್ಲಿ ಜನ ತಮ್ಮ ಹೊಸ್ತಿಲ ಮೇಲೆ ನಿಂತು ಮಾತನಾಡುತ್ತಾರೆ. ಉಮೇದುವಾರ ಮೆಟ್ಟಿಲ ಕೆಳಗೆ ನಿಂತು ಕೇಳಬೇಕು. ಯುದ್ಧ ಶಾಂತಿಗಳ ಮಾತು ಅಲ್ಲಿ ಬರುವುದು ಅಪರೂಪ. ಕಟ್ಟಿಕೊಂಡ ಮೋರಿ, ಆರಿಹೋದ ಬೀದಿಯ ದೀಪ, ಹೊತ್ತಿಗೆ ಬಾರದ ಕಸದ ಗಾಡಿ, ಸೋರುವ ಬಾಡಿಗೆ ಮನೆ, ಇಂದೋ ನಾಳೆಯೋ ಮುಚ್ಚಿಹೋಗಲಿರುವ ವಾಚನಾಲಯ—ಇವುಗಳ ಮಾತೇ ಹೆಚ್ಚು. ಇವೆಲ್ಲ ಸಣ್ಣ ಸಂಗತಿಗಳೆಂದು ಯಾರಾದರೂ ಹೇಳಿಯಾರು. ಆದರೆ ಮನುಷ್ಯನ ದಿನಗಳೆಲ್ಲ ಕಳೆಯುವುದು ಇವುಗಳ ನಡುವೆಯೇ ಅಲ್ಲವೆ?

ಊರಿನವರೆಲ್ಲ ಒಂದೇ ಮಾತಿನ, ಒಂದೇ ನಡೆನುಡಿಯ ಜನರಾಗಿದ್ದರೆ ಈ ಸಂಭಾಷಣೆ ಸುಲಭ. ಬಾಗಿಲು ತೆರೆದವರು ಬಂದವನ ಮುಖ ನೋಡಿದೊಡನೆ ಅವನು ಯಾರ ಮಗ, ಯಾವ ಬೀದಿಯವನು ಎಂಬುದನ್ನು ತಿಳಿದುಬಿಡುತ್ತಾರೆ. ಆದರೆ ಹಲವು ದೇಶಗಳಿಂದ ಬಂದವರು ನೆಲಸಿರುವ ಮಹಾನಗರವೊಂದರಲ್ಲಿ ಬಾಗಿಲು ತಟ್ಟುವುದೆಂದರೆ ಬೇರೆಯೇ ಮಾತು. ಒಂದು ಬಾಗಿಲ ಹಿಂದೆ ಐರ್ಲೆಂಡಿನಿಂದ ಬಂದ ಮುದುಕಿ. ಅದರಾಚೆ ಸಿಲ್ಹೆಟಿನ ದರ್ಜಿ. ಅದರ ಪಕ್ಕದಲ್ಲಿ ನೈಜೀರಿಯದ ದಾದಿ. ಮಹಡಿಯ ಮೇಲೆ ಪೋಲೆಂಡಿನ ಬಡಗಿ. ಕೆಳಗೆ, ತಾತನ ಕಾಲದಿಂದ ಅದೇ ಬೀದಿಯಲ್ಲಿದ್ದು ಈಗ ನೆರೆಹೊರೆಯವರ ಮಾತು ತಿಳಿಯದೆ ಒಂಟಿಯಾದ ಇಂಗ್ಲಿಷ್ ಮನೆತನ. ಬಂದ ಉಮೇದುವಾರ ತುಟಿ ತೆರೆಯುವ ಮೊದಲೇ ಅವರೆಲ್ಲರ ಕಣ್ಣಲ್ಲಿ ಒಂದೇ ಪ್ರಶ್ನೆ ಕಾಣಿಸುತ್ತದೆ: “ನೀನು ಯಾರು? ನಮ್ಮ ಪರವಾಗಿ ಮಾತನಾಡಲು ನಿನಗೆ ಏನು ಅಧಿಕಾರ?”

ಈ ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಲಂಡನ್ ನಗರದಲ್ಲಿ ಒಂದು ಶತಮಾನಕ್ಕೂ ಮಿಕ್ಕ ಕಾಲದಿಂದ ಹಲವರು ಹಲವು ಬಗೆಯ ಉತ್ತರ ಕೊಟ್ಟಿದ್ದಾರೆ. ಅವರಲ್ಲಿ ನಮ್ಮ ದೇಶದವರೂ ಇದ್ದಾರೆ. ಆ ಉತ್ತರಗಳಲ್ಲಿ ಕೆಲವನ್ನು ವಾಚಕರ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ.

ಲಂಡನ್ನನ್ನು ಒಂದು ನಗರವೆನ್ನುವುದಕ್ಕಿಂತ ಊರುಗಳ ಒಕ್ಕೂಟವೆಂದರೆ ಸರಿಹೋದೀತು. ಹಿಂದೆ ಅಲ್ಲಿ ಚರ್ಚಿನ ಎಲ್ಲೆಗೆ ಸೇರಿದ ಜನ ಕೂಡಿ ನಡೆಸುತ್ತಿದ್ದ ವೆಸ್ಟ್ರಿಗಳೆಂಬ ಸಭೆಗಳಿದ್ದವು. 1900ರಲ್ಲಿ ಅವುಗಳನ್ನು ತೆಗೆದು 28 ಬರೊಗಳನ್ನು ಏರ್ಪಡಿಸಿದರು. ಬರೊ ಎಂದರೆ ತನ್ನದೇ ಪೌರಸಭೆಯುಳ್ಳ ನಗರವಿಭಾಗ. 1965ರಲ್ಲಿ ಸುತ್ತಲಿನ ಊರುಗಳನ್ನೂ ಸೇರಿಸಿಕೊಂಡು, ನಡುವಿನ ಹಳೆಯ ಪೇಟೆಯನ್ನು ಹಾಗೆಯೇ ಬಿಟ್ಟು, ಉಳಿದುದನ್ನು 32 ಬರೊಗಳಾಗಿ ಹಂಚಿದರು. ಪ್ರತಿಯೊಂದು ಬರೊವಿನಲ್ಲಿಯೂ ವಾರ್ಡುಗಳು. ಒಂದೊಂದು ವಾರ್ಡಿಗೆ ಒಬ್ಬರಿಂದ ಮೂವರವರೆಗೆ ಸದಸ್ಯರು. ನಾಲ್ಕು ವರ್ಷಕ್ಕೊಮ್ಮೆ, ಮೇ ತಿಂಗಳಿನ ಮೊದಲ ಗುರುವಾರ, ಚುನಾವಣೆ.

2021ರ ಜನಗಣತಿಯಲ್ಲಿ ಲಂಡನ್ನಿನ ಜನಸಂಖ್ಯೆ 88 ಲಕ್ಷ. ಅವರಲ್ಲಿ 100ಕ್ಕೆ 40ಕ್ಕೂ ಹೆಚ್ಚು ಮಂದಿ ಬ್ರಿಟನ್ನಿನ ಹೊರಗೆ ಹುಟ್ಟಿದವರು. ಈ ಅಂಕಿಗಿಂತಲೂ ಸ್ಪಷ್ಟವಾಗಿ ನಗರದ ಚರಿತ್ರೆಯನ್ನು ಹೇಳುವ ಒಂದು ಕಟ್ಟಡ ಪೂರ್ವ ಲಂಡನ್ನಿನ ಬ್ರಿಕ್ ಲೇನ್ ಬೀದಿಯಲ್ಲಿದೆ. 1743ರಲ್ಲಿ ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟ್ ನೇಯ್ಗೆಯವರು ಅದನ್ನು ತಮ್ಮ ದೇವಾಲಯವಾಗಿ ಕಟ್ಟಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಮೆಥಡಿಸ್ಟರ ಪ್ರಾರ್ಥನಾಮಂದಿರವಾಯಿತು. 1898ರಲ್ಲಿ ರಷ್ಯದ ಕಡೆಯಿಂದ ಬಂದ ಯೆಹೂದ್ಯರ ಸಿನಗಾಗ್ ಆಯಿತು. 1976ರಿಂದ ಬಂಗಾಳಿ ಮುಸಲ್ಮಾನರ ಮಸೀದಿಯಾಗಿದೆ. ಗೋಡೆ ಅದೇ, ಮಾಡು ಅದೇ. ಒಳಗೆ ಮಂಡಿಯೂರಿದವರು ಮಾತ್ರ ಬೇರೆ ಬೇರೆ. ಇಂಥ ಬೀದಿಯಲ್ಲಿ ಮತ ಕೇಳಲು ಹೊರಟವನು ಯಾವ ದೇವರ ಹೆಸರು ಹೇಳಿ, ಯಾವ ಭಾಷೆಯಲ್ಲಿ ಮಾತು ಆರಂಭಿಸಬೇಕು?

ಕಾನೂನು ಮಾತ್ರ ಈ ವಿಷಯದಲ್ಲಿ ಉದಾರವಾಗಿದೆ. ಉಮೇದುವಾರನ ವಯಸ್ಸು 18 ಆಗಿರಬೇಕು. ಅವನ ಹೆಸರು ಆ ಬರೊವಿನ ಮತದಾರರ ಪಟ್ಟಿಯಲ್ಲಿರಬೇಕು. ಇಲ್ಲವಾದರೆ ಹಿಂದಿನ 12 ತಿಂಗಳೂ ಅಲ್ಲಿ ವಾಸವಾಗಿಯೋ, ಕೆಲಸಮಾಡಿಕೊಂಡೋ, ಮನೆ ಜಮೀನು ಹಿಡಿದುಕೊಂಡೋ ಇದ್ದವನಾಗಿರಬೇಕು. ಅವನು ಬ್ರಿಟಿಷ್ ಪ್ರಜೆಯೇ ಆಗಿರಬೇಕೆಂಬುದಿಲ್ಲ. ಕಾಮನ್‌ವೆಲ್ತ್ ರಾಷ್ಟ್ರಗಳ ಪ್ರಜೆಗಳಿಗೂ ಈ ಹಕ್ಕುಂಟು. ಭಾರತದ ಪ್ರಜೆಯೊಬ್ಬ ಅಲ್ಲಿ ನ್ಯಾಯವಾಗಿ ನೆಲಸಿದ್ದರೆ ಮತ ಹಾಕಬಹುದು. ಶಾಶ್ವತವಾಗಿ ನೆಲಸಲು ಅನುಮತಿ ಪಡೆದಿದ್ದರೆ ತಾನೇ ಚುನಾವಣೆಗೆ ನಿಲ್ಲಬಹುದು. ಪಾರ್ಲಿಮೆಂಟಿನ ಚುನಾವಣೆಗೆ ಕಟ್ಟಬೇಕಾದಂತೆ ಇಲ್ಲಿ ಠೇವಣಿಯನ್ನೂ ಕಟ್ಟಬೇಕಾಗಿಲ್ಲ. ಖರ್ಚಿಗೆ, ಮತದಾರರ ಸಂಖ್ಯೆಗೆ ತಕ್ಕ ಹಾಗೆ, ಒಂದು ಮಿತಿಯನ್ನು ಹಾಕಿದ್ದಾರೆ. ಒಟ್ಟಿನಲ್ಲಿ ಹಣವಿಲ್ಲದವನಿಗೂ ಹೊಸದಾಗಿ ಬಂದವನಿಗೂ ಬಾಗಿಲು ತೆರೆದೇ ಇದೆ ಎನ್ನಬಹುದು. ಒಳಗೆ ಹೋಗುವುದು ಮಾತ್ರ ಅವನವನ ಕಾಲಬಲದ ಮೇಲೆ ನಿಂತಿದೆ.

ಕಾಲಬಲವೆಂದೆವು. ಇದು ಅಲಂಕಾರದ ಮಾತಲ್ಲ. ಮಾರ್ಚಿ ಏಪ್ರಿಲ್ ತಿಂಗಳಿನ ಚಳಿಗಾಳಿಯಲ್ಲಿ ಸಂಜೆ ಕೆಲಸ ಮುಗಿಸಿಕೊಂಡು ನಾಲ್ಕೈದು ಮಂದಿ ಬೀದಿಯ ತುದಿಯಲ್ಲಿ ಕೂಡುತ್ತಾರೆ. ಒಬ್ಬರ ಕೈಯಲ್ಲಿ ಮತದಾರರ ಪಟ್ಟಿ. ಮನೆಮನೆಗೂ ಹೋಗಿ ಬಾಗಿಲು ತಟ್ಟುವುದು, ಹೇಳಿದ್ದನ್ನು ಕೇಳುವುದು, ಹಿಂದಕ್ಕೆ ಬಂದು ಪಟ್ಟಿಯಲ್ಲಿ ಗುರುತು ಹಾಕಿಸುವುದು: ಇವರು ನಮ್ಮವರು, ಇವರು ಅವರವರು, ಇವರು ಇನ್ನೂ ನಿಶ್ಚಯಿಸಿಲ್ಲ, ಇವರು ಮನೆಯಲ್ಲಿಲ್ಲ. ಯಾರೂ ಇಲ್ಲದ ಮನೆಯ ಬಾಗಿಲ ಸೀಳಿನಲ್ಲಿ ಅಚ್ಚಾದ ಹಾಳೆಯನ್ನು ತೂರಿಸಬೇಕು. ಒಳಗೆ ನಾಯಿಯಿದ್ದರೆ ಬೆರಳು ಜೋಪಾನ! ಮತದಾನದ ದಿನ ಈ ಪಟ್ಟಿಯೇ ಆಧಾರ. ಬೆಂಬಲ ಹೇಳಿದ್ದವರಲ್ಲಿ ಯಾರು ಇನ್ನೂ ಮತ ಹಾಕಿಲ್ಲವೆಂಬುದನ್ನು ನೋಡಿ, ಸಂಜೆ ಮತ್ತೆ ಅವರ ಬಾಗಿಲಿಗೇ ಹೋಗಿ ಎಬ್ಬಿಸಿ ಕಳುಹಿಸಬೇಕು. ಕೆಲವೇ ಸಾವಿರ ಮತದಾರರ ವಾರ್ಡಿನಲ್ಲಿ ಹತ್ತು ಮನೆಗಳಿಗೆ ಹೋಗದೆ ಬಿಟ್ಟದ್ದಕ್ಕಾಗಿ ಸೋಲುವುದೂ ಉಂಟು.

ಹೀಗೆ ಬಾಗಿಲು ತಟ್ಟಿದ ಹೊರಗಿನವರಲ್ಲಿ ಸಾಹಿತ್ಯದ ವಿದ್ಯಾರ್ಥಿಗಳೆಲ್ಲ ಬಲ್ಲ ಒಬ್ಬರಿದ್ದಾರೆ—ನಾಟಕಕಾರ ಬರ್ನಾರ್ಡ್ ಷಾ. ಷಾ ಲಂಡನ್ನಿನವರಲ್ಲ, ಡಬ್ಲಿನ್ನಿನಲ್ಲಿ ಹುಟ್ಟಿ, 1876ರಲ್ಲಿ ಹತ್ತೊಂಬತ್ತು ವರ್ಷದ ಹುಡುಗನಾಗಿ ಬಂದ ಐರಿಷ್‌ನವರು. 1897ರಲ್ಲಿ ಅವರು ಸೇಂಟ್ ಪ್ಯಾಂಕ್ರಸ್ ವೆಸ್ಟ್ರಿಯ ಸದಸ್ಯರಾದರು. ವೆಸ್ಟ್ರಿ ಬರೊ ಆದ ಮೇಲೂ ಮುಂದುವರಿದು 1903ರವರೆಗೆ ಅಲ್ಲಿ ದುಡಿದರು. ಆರೋಗ್ಯ ಸಮಿತಿ, ವಿದ್ಯುತ್ತಿನ ಸಮಿತಿ ಮುಂತಾದವುಗಳಲ್ಲಿ ತಾಸುಗಟ್ಟಲೆ ಕುಳಿತು, ಕೊಳಚೆಯ ಮತ್ತು ಸಿಡುಬಿನ ವರದಿಗಳನ್ನು ಓದಿದರು. ಅವರು ಹಟತೊಟ್ಟು ಮಾಡಿದ ಹೋರಾಟಗಳಲ್ಲಿ ಒಂದು, ಕ್ಯಾಮ್ಡನ್ ಟೌನಿನಲ್ಲಿ ಹೆಂಗಸರಿಗಾಗಿ ಒಂದು ಸಾರ್ವಜನಿಕ ಶೌಚಗೃಹವನ್ನು ಕಟ್ಟಿಸುವುದು. ಗಂಡಸರಿಗೆ ಇದ್ದ ಸೌಕರ್ಯ ಹೆಂಗಸರಿಗೂ ಬೇಕೆಂದಾಗ ಸಭ್ಯರಾದ ಪೌರರು ಸಿಡಿಮಿಡಿಗೊಂಡರು; ಅದನ್ನು ಬಾಯಲ್ಲಿ ಹೇಳುವುದೇ ಅಸಭ್ಯವೆಂದರು. 1904ರಲ್ಲಿ ಷಾ ಲಂಡನ್ ಕೌಂಟಿ ಕೌನ್ಸಿಲಿಗೆ ಅದೇ ಸೇಂಟ್ ಪ್ಯಾಂಕ್ರಸ್‌ನಿಂದ ನಿಂತು ಸೋತರು. ಯಾರನ್ನೂ ಒಲಿಸಿಕೊಳ್ಳದೆ ಎಲ್ಲರಿಗೂ ಸತ್ಯ ಹೇಳುವ ಅವರ ಅಭ್ಯಾಸ ನಾಟಕಕ್ಕೆ ಒಗ್ಗಿದಷ್ಟು ಹೊಸ್ತಿಲಿಗೆ ಒಗ್ಗಲಿಲ್ಲ. ಆದರೂ ಪೌರಸಭೆಯ ಅನುಭವ ವ್ಯರ್ಥವಾಗಲಿಲ್ಲ. ಪೌರಸಭೆಗಳು ತಾವೇ ವ್ಯಾಪಾರ ನಡೆಸುವುದರ ಒಳಿತನ್ನು ಕುರಿತು ಅವರು ಬರೆದ ಪುಸ್ತಕ ಆ ವರ್ಷವೇ ಪ್ರಕಟವಾಯಿತು.

ಷಾ ಹೊರಗಿನವರಾದರೂ ಮೈಬಣ್ಣದಲ್ಲಿ ಬೇರೆಯಾಗಿರಲಿಲ್ಲ. ಥೇಮ್ಸ್ ನದಿಯ ದಕ್ಷಿಣಕ್ಕಿರುವ ಬ್ಯಾಟರ್ಸೀಯಲ್ಲಿ ಜಾನ್ ಆರ್ಚರ್ ಎಂಬುವರು ನಿಂತಾಗ ಪ್ರಶ್ನೆ ಇನ್ನೂ ಬಿಚ್ಚಾಗಿ ಬಂತು. ಆರ್ಚರರ ತಂದೆ ಬಾರ್ಬಡೋಸ್ ದ್ವೀಪದ ಕರಿಯರು, ಹಡಗಿನ ನೌಕರಿಯವರು. ತಾಯಿ ಐರಿಷ್ ಹೆಂಗಸು. ಅವರು ಹುಟ್ಟಿದ್ದು 1863ರಲ್ಲಿ, ಲಿವರ್‌ಪೂಲಿನಲ್ಲಿ. ಬ್ಯಾಟರ್ಸೀಯಲ್ಲಿ ಫೋಟೋ ತೆಗೆಯುವ ಅಂಗಡಿಯನ್ನಿಟ್ಟುಕೊಂಡಿದ್ದ ಅವರು 1906ರಲ್ಲಿ ಲ್ಯಾಚ್‌ಮಿಯರ್ ವಾರ್ಡಿನಿಂದ ಪೌರಸಭೆಗೆ ಆರಿಸಿಬಂದರು. 1909ರಲ್ಲಿ ಸೋತರು; 1912ರಲ್ಲಿ ಮತ್ತೆ ಗೆದ್ದರು. ಪೌರಸಭೆಯ ಕೂಲಿಯವರಿಗೆ ವಾರಕ್ಕೆ 32 ಷಿಲಿಂಗಿಗಿಂತ ಕಡಮೆ ಕೂಲಿ ಇರಬಾರದೆಂದು ಹೋರಾಡಿ ಅದನ್ನು ಸಾಧಿಸಿದ್ದು ಅವರ ಕೆಲಸಗಳಲ್ಲಿ ಒಂದು.

1913ರ ನವೆಂಬರಿನಲ್ಲಿ ಅವರ ಹೆಸರು ಮೇಯರ್ ಪದವಿಗೆ ಬಂದಾಗ ಪತ್ರಿಕೆಗಳಲ್ಲಿ ಗುಲ್ಲೆದ್ದಿತು. ಇವನು ರಂಗೂನಿನವನಂತೆ, ಎಲ್ಲಿಂದಲೋ ಬಂದವನಂತೆ, ಇಂಗ್ಲಿಷರ ಊರಿಗೆ ಇವನು ಯಜಮಾನನಾಗುವುದೆ ಎಂದೆಲ್ಲ ಬರೆದರು. ಆರ್ಚರರು 39ಕ್ಕೆ ವಿರುದ್ಧವಾಗಿ 40 ಮತಗಳಿಂದ, ಎಂದರೆ ಒಂದೇ ಒಂದು ಮತದ ಅಂತರದಿಂದ, ಆರಿಸಲ್ಪಟ್ಟರು. ಲಂಡನ್ನಿನಲ್ಲಿ ಕರಿಯರೊಬ್ಬರು ಮೇಯರಾದದ್ದು ಅದೇ ಮೊದಲು. ಆ ರಾತ್ರಿಯ ಭಾಷಣದಲ್ಲಿ ಅವರು ಟೀಕಾಕಾರರಿಗೆ ನಗುನಗುತ್ತಲೇ ಉತ್ತರ ಕೊಟ್ಟರು. ತಾನು ಹುಟ್ಟಿದ್ದು ಯಾರಿಗೂ ಗೊತ್ತಿರಲಾರದ ಒಂದು ಸಣ್ಣ ಹಳ್ಳಿಯಲ್ಲಿ, ಅದರ ಹೆಸರು ಲಿವರ್‌ಪೂಲ್ ಎಂದರು! ಆದರೆ ತಾಯಿಯ ವಿಷಯಕ್ಕೆ ಬಂದಾಗ ನಗಲಿಲ್ಲ. ಪತ್ರಿಕೆಗಳು ತನ್ನ ತಾಯಿಯನ್ನೂ ಎಳೆತಂದುದಕ್ಕೆ ನೊಂದು, ಆಕೆ ಐರಿಷ್ ಹೆಂಗಸು, ತನಗೆ ತಾಯಿ ಎಂದು ಎದೆಯುಬ್ಬಿಸಿ ಹೇಳಿದರು.

ಇದರಲ್ಲಿ ಒಂದು ಕಹಿಯುಂಟು; ನಾವು ಅದನ್ನು ಮರೆಮಾಚಬಾರದು. ಏಳು ವರ್ಷ ಊರಿನ ಕೆಲಸಕ್ಕಾಗಿ ಓಡಾಡಿದ ಮೇಲೂ ಆರ್ಚರರು ತಮ್ಮ ತಾಯಿಯ ಹುಟ್ಟೂರನ್ನು ಸಭೆಯಲ್ಲಿ ಹೇಳಿಕೊಳ್ಳಬೇಕಾಯಿತು. ಬಿಳಿಯ ಸದಸ್ಯರಲ್ಲಿ ಯಾರಿಗೂ ಅಂಥ ಅಗತ್ಯ ಬಿದ್ದಿರಲಿಲ್ಲ. ಹೊರಗಿನವನೆಂದು ಕಾಣಿಸುವವನು ಊರಿಗೆ ಎರಡು ತೆರಿಗೆಗಳನ್ನು ತೆರಬೇಕು: ಒಂದು ಎಲ್ಲರೂ ತೆರುವುದು, ಇನ್ನೊಂದು ತಾನು ಹೊರಗಿನವನಲ್ಲವೆಂದು ದಿನವೂ ಸಾಧಿಸುತ್ತಿರುವುದು. ಆರ್ಚರರು ಎರಡನ್ನೂ ತೆತ್ತರು. ಮುಂದೆ, ಮುಂಬಯಿಯ ಪಾರ್ಸಿ ಶಾಪುರ್ಜಿ ಸಕ್ಲಾತ್‌ವಾಲಾ 1922ರಲ್ಲಿ ಉತ್ತರ ಬ್ಯಾಟರ್ಸೀಯಿಂದ ಪಾರ್ಲಿಮೆಂಟಿಗೆ ನಿಂತು ಗೆದ್ದಾಗ ಅವರ ಚುನಾವಣೆಯನ್ನು ನಡೆಸಿಕೊಟ್ಟವರು ಈ ಆರ್ಚರರೇ. ತನಗಾಗಿ ತೆರೆದ ಬಾಗಿಲನ್ನು ಅವರು ಹಿಂದಿನಿಂದ ಬರುವವರಿಗಾಗಿ ಹಿಡಿದು ನಿಂತರು.

ಭಾರತೀಯರಿಗೆ ಲಂಡನ್ನಿನಲ್ಲಿ ಮೊದಲು ತೆರೆದ ಬಾಗಿಲು ಫಿನ್ಸ್‌ಬರಿಯದು. 1892ರಲ್ಲಿ ದಾದಾಭಾಯಿ ನವರೋಜಿಯವರು ಮಧ್ಯ ಫಿನ್ಸ್‌ಬರಿ ಕ್ಷೇತ್ರದಿಂದ ಬೆರಳೆಣಿಕೆಯ ಮತಗಳ ಅಂತರದಲ್ಲಿ ಪಾರ್ಲಿಮೆಂಟಿಗೆ ಗೆದ್ದ ಕಥೆ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಅದಕ್ಕೆ ಮುಂಚೆ, 1888ರಲ್ಲಿ, ಪ್ರಧಾನಿ ಸಾಲಿಸ್‌ಬರಿಯವರು ನವರೋಜಿಯವರನ್ನು ಕುರಿತು, ಇಂಗ್ಲಿಷ್ ಮತದಾರರು ಕರಿಯನೊಬ್ಬನನ್ನು ಆರಿಸುವ ಹಂತಕ್ಕೆ ಇನ್ನೂ ಬಂದಿಲ್ಲವೆಂಬ ಅರ್ಥದ ಮಾತನಾಡಿ ನಗೆಪಾಟಲಾದರು. ಅದೇ ಫಿನ್ಸ್‌ಬರಿಯಲ್ಲಿ ನಾಲ್ಕು ದಶಕಗಳ ಮೇಲೆ ಇನ್ನೊಬ್ಬ ಭಾರತೀಯರು ಬಾಗಿಲು ತಟ್ಟಿದರು. ಅವರು ಪಂಜಾಬಿನಲ್ಲಿ ಹುಟ್ಟಿ ಲಾಹೋರಿನಲ್ಲಿ ವೈದ್ಯವಿದ್ಯೆಯನ್ನು ಕಲಿತ ಡಾಕ್ಟರ್ ಚುನಿಲಾಲ್ ಕತಿಯಾಲ್. 1931ರಲ್ಲಿ ಗಾಂಧೀಜಿಯೂ ಚಾರ್ಲಿ ಚಾಪ್ಲಿನರೂ ಭೇಟಿಯಾದದ್ದು ಪೂರ್ವ ಲಂಡನ್ನಿನ ಬಡವರ ಕೇರಿಯಲ್ಲಿದ್ದ ಅವರ ಮನೆಯಲ್ಲಿಯೇ.

ಕತಿಯಾಲರು 1934ರಲ್ಲಿ ಫಿನ್ಸ್‌ಬರಿ ಪೌರಸಭೆಗೆ ಆರಿಸಿಬಂದು, ಸಾರ್ವಜನಿಕ ಆರೋಗ್ಯ ಸಮಿತಿಯ ಅಧ್ಯಕ್ಷರಾದರು. ವೈದ್ಯನಿಗೆ ಜನರ ಮನೆಯ ಒಳಗು ಗೊತ್ತು. ಒದ್ದೆ ಗೋಡೆ, ಬಿಸಿಲು ಕಾಣದ ಕೋಣೆ, ಕ್ಷಯದ ಕೆಮ್ಮು, ಹಣಕ್ಕೆ ಹೆದರಿ ಡಾಕ್ಟರರನ್ನು ಕರೆಸದ ತಾಯಂದಿರು—ಇವನ್ನೆಲ್ಲ ಕಂಡಿದ್ದ ಅವರು, ಚೆದರಿದ ಚಿಕಿತ್ಸೆಗಳನ್ನು ಒಂದೇ ಮಾಡಿನ ಕೆಳಗೆ ತರಬೇಕೆಂದು ಶ್ರಮಿಸಿದರು. ವಾಸ್ತುಶಿಲ್ಪಿ ಲ್ಯುಬೆಟ್‌ಕಿನ್ ರೂಪಿಸಿದ ಫಿನ್ಸ್‌ಬರಿ ಆರೋಗ್ಯ ಕೇಂದ್ರ 1938ರ ಅಕ್ಟೋಬರಿನಲ್ಲಿ ತೆರೆಯಿತು. ಲ್ಯುಬೆಟ್‌ಕಿನ್ನರೂ ಹೊರಗಿನವರೇ, ಜಾರ್ಜಿಯದಲ್ಲಿ ಹುಟ್ಟಿದವರು. ಕ್ಷಯದ ಚಿಕಿತ್ಸೆ, ಹಲ್ಲಿನ ಚಿಕಿತ್ಸೆ, ಹೆಂಗಸರ ಮತ್ತು ಮಕ್ಕಳ ಚಿಕಿತ್ಸೆ, ಬಿಸಿಲು ಕಾಣದ ಮಕ್ಕಳಿಗೆ ದೀಪದ ಬಿಸಿಲು—ಎಲ್ಲವೂ ಅಲ್ಲಿ ಜನರಿಗೆ ದೊರೆಯುವಂತಾಯಿತು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಹುಟ್ಟಿದ್ದು 1948ರಲ್ಲಿ. ಪಂಜಾಬಿನ ಡಾಕ್ಟರು ಒಂದು ಬಡ ಬರೊವಿನಲ್ಲಿ ಅದರ ಮಾದರಿಯನ್ನು ಹತ್ತು ವರ್ಷ ಮೊದಲೇ ಕಟ್ಟಿಸಿ ತೋರಿಸಿದ್ದರು. ಅದೇ 1938ರಲ್ಲಿ ಕತಿಯಾಲರು ಫಿನ್ಸ್‌ಬರಿಯ ಮೇಯರಾದರು. ಸ್ವಾತಂತ್ರ್ಯ ಬಂದ ಮೇಲೆ ಭಾರತಕ್ಕೆ ಮರಳಿ, ಕಾರ್ಮಿಕರಿಗೆ ಇಂದಿಗೂ ಚಿಕಿತ್ಸೆ ಒದಗಿಸುತ್ತಿರುವ ಇ.ಎಸ್.ಐ. ನಿಗಮದ ಮೊದಲ ಮಹಾನಿರ್ದೇಶಕರಾದರು. ಲಂಡನ್ನಿನ ಒಂದು ವಾರ್ಡಿನಲ್ಲಿ ಕಲಿತ ಪಾಠ ಹೀಗೆ ನಮ್ಮ ಕಾರ್ಖಾನೆಗಳ ಊರುಗಳಿಗೂ ಬಂದಿತು.

1934ರಲ್ಲಿಯೇ, ಫಿನ್ಸ್‌ಬರಿಗೆ ಹೆಚ್ಚು ದೂರವಲ್ಲದ ಸೇಂಟ್ ಪ್ಯಾಂಕ್ರಸ್‌ನಲ್ಲಿ, ಎಂದರೆ ಷಾ ಅವರ ಹಳೆಯ ಬರೊವಿನಲ್ಲಿ, ಕಲ್ಲಿಕೋಟೆಯ ವಿ. ಕೆ. ಕೃಷ್ಣ ಮೆನನ್ನರು ಲೇಬರ್ ಪಕ್ಷದಿಂದ ಗೆದ್ದರು. ಅವರು ಲಂಡನ್ನಿಗೆ ಬಂದು ಆಗಲೇ ಹತ್ತು ವರ್ಷ. ಹಗಲೆಲ್ಲ ಇಂಡಿಯಾ ಲೀಗಿನ ಕಾರ್ಯದರ್ಶಿಯಾಗಿ ಭಾರತದ ಸ್ವಾತಂತ್ರ್ಯಕ್ಕಾಗಿ ದುಡಿತ. ಅದರ ಜೊತೆಗೆ ಬರೊವಿನ ಸಭೆಗಳು. ಸಾಮ್ರಾಜ್ಯವನ್ನು ಕಿತ್ತೊಗೆಯಬೇಕೆಂದು ಭಾಷಣಮಾಡುವ ಮನುಷ್ಯ, ಅದೇ ಸಾಮ್ರಾಜ್ಯದ ರಾಜಧಾನಿಯಲ್ಲಿ ಬಿಳಿಯ ಕೂಲಿಕಾರರ ಮನೆಯ ಸೋರುವ ಮಾಡನ್ನು ಸರಿಮಾಡಿಸಲು ಓಡಾಡುತ್ತಿದ್ದರು. ಇದು ವಿರೋಧಾಭಾಸವೆಂದು ಕೆಲವರಿಗೆ ತೋರೀತು. ನಮಗೆ ಹಾಗೆ ತೋರುವುದಿಲ್ಲ. ತನ್ನ ಜನ ತಮ್ಮನ್ನು ತಾವೇ ಆಳಿಕೊಳ್ಳಬೇಕೆಂದು ಬಯಸುವವನಿಗೆ, ಸೇಂಟ್ ಪ್ಯಾಂಕ್ರಸ್‌ನ ಬಡವರೂ ತಮ್ಮ ಊರನ್ನು ತಾವೇ ಆಳಿಕೊಳ್ಳಬೇಕೆಂದು ತೋರುವುದು ಸಹಜವೇ ಸರಿ.

ಯುದ್ಧದ ದಿನಗಳಲ್ಲಿ ಮೆನನ್ನರು ಅಲ್ಲಿಯೇ ವಿಮಾನದಾಳಿಯ ಎಚ್ಚರಿಕೆ ಕೊಡುವ ಕಾವಲುಗಾರರಾಗಿ ರಾತ್ರಿ ಬೀದಿಗಳನ್ನು ಸುತ್ತಿದರು. ಆಮೇಲೆ ವಾಚನಾಲಯ ಸಮಿತಿಯ ಅಧ್ಯಕ್ಷರಾಗಿ ಪುಸ್ತಕಗಳನ್ನು ಜನರ ಬಳಿಗೆ ಒಯ್ಯಲು ದುಡಿದರು. ಪುಸ್ತಕಗಳೆಂದರೆ ಅವರಿಗೆ ಹೊರಗಿನ ವಿಷಯವಲ್ಲ: ಕಡಮೆ ಬೆಲೆಗೆ ವಿದ್ವತ್ತನ್ನು ಮನೆಮನೆಗೆ ಮುಟ್ಟಿಸಿದ ಪೆಲಿಕನ್ ಮಾಲೆ 1937ರಲ್ಲಿ ಹೊರಟಾಗ ಅದರ ಸಂಪಾದಕರಲ್ಲಿ ಅವರೊಬ್ಬರು. ಆ ಮಾಲೆಯ ಮೊದಲ ಪುಸ್ತಕವನ್ನು ಬರೆದವರು ಬೇರೆ ಯಾರೂ ಅಲ್ಲ, ಬರ್ನಾರ್ಡ್ ಷಾ. ಒಂದೇ ಬರೊವಿನ ಕೊಳಚೆಯ ವರದಿಗಳನ್ನು ಓದಿದ ಇಬ್ಬರು ಹೊರಗಿನವರು ಹೀಗೆ ಒಂದು ಪುಸ್ತಕದ ಹೊದಿಕೆಯ ಮೇಲೆ ಕೂಡಿಕೊಂಡರು.

ಮೆನನ್ನರೂ ಎರಡನೆಯ ತೆರಿಗೆಯಿಂದ ತಪ್ಪಿಸಿಕೊಳ್ಳಲಿಲ್ಲ. ಲೇಬರ್ ಪಕ್ಷ ಅವರನ್ನು ಸ್ಕಾಟ್ಲೆಂಡಿನ ಡಂಡೀ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ನಿಲ್ಲಿಸಬೇಕೆಂದು 1939ರಲ್ಲಿ ಗೊತ್ತುಮಾಡಿ, ಆಮೇಲೆ ಕೈಬಿಟ್ಟಿತು. ಅವರ ನಿಷ್ಠೆ ಬ್ರಿಟನ್ನಿಗೋ ಭಾರತಕ್ಕೋ ಎಂಬ ಸಂದೇಹ ಆ ದಿನಗಳಲ್ಲಿ ಅವರನ್ನು ಬಿಡದೆ ಹಿಂಬಾಲಿಸಿತು. ಅಂಥ ಸಂದೇಹ ಸೇಂಟ್ ಪ್ಯಾಂಕ್ರಸ್‌ನ ಬೀದಿಗಳಲ್ಲಿ ಅವರನ್ನು ಅಷ್ಟಾಗಿ ಕಾಡಲಿಲ್ಲ. ದೂರದ ಪಕ್ಷದ ಕಛೇರಿ ಅವರ ಹೆಸರನ್ನೂ ಹುಟ್ಟನ್ನೂ ನೋಡಿತು. ವಾರ್ಡಿನ ಜನ ಅವರು ಸಭೆಗೆ ಬಂದರೋ ಇಲ್ಲವೋ, ಕಾಗದಕ್ಕೆ ಉತ್ತರ ಬರೆದರೋ ಇಲ್ಲವೋ ಎಂಬುದನ್ನು ನೋಡಿದರು. 1947ರಲ್ಲಿ ಅವರು ಸ್ವತಂತ್ರ ಭಾರತದ ಹೈಕಮಿಷನರ್ ಆಗಿ ನಿಯಮಿತರಾಗುವವರೆಗೂ ಪೌರಸಭೆಯ ಸದಸ್ಯರಾಗಿದ್ದರು. ಬರೊ ತನ್ನ ಅತ್ಯುನ್ನತ ಪೌರಗೌರವವನ್ನು 1946ರಲ್ಲಿ ಷಾ ಅವರಿಗೂ 1955ರಲ್ಲಿ ಮೆನನ್ನರಿಗೂ ಅರ್ಪಿಸಿತು.

ಇಷ್ಟನ್ನು ಓದಿದವರಿಗೆ, ದುಡಿದವನನ್ನು ಊರು ಎಂದಾದರೂ ಒಪ್ಪಿಕೊಂಡೇ ತೀರುತ್ತದೆ ಎಂಬ ಸಮಾಧಾನ ಉಂಟಾಗಬಹುದು. ಅಷ್ಟು ಸುಲಭವಾದ ಸಮಾಧಾನಕ್ಕೆ ಚರಿತ್ರೆ ಅವಕಾಶ ಕೊಡುವುದಿಲ್ಲ. ಮತ್ತೆ ಬ್ರಿಕ್ ಲೇನಿನ ಕಡೆಗೆ ಹೋಗೋಣ. 1978ರ ಮೇ 4ನೆಯ ದಿನ ಲಂಡನ್ನಿನಲ್ಲಿ ಪೌರಸಭೆಗಳ ಚುನಾವಣೆ. ವಲಸೆಬಂದವರನ್ನು ಹೊರಗಟ್ಟಬೇಕೆನ್ನುವ ನ್ಯಾಷನಲ್ ಫ್ರಂಟಿನವರು ಆ ಪ್ರದೇಶದಲ್ಲಿ ಉಮೇದುವಾರರನ್ನು ನಿಲ್ಲಿಸಿದ್ದರು. ಆ ಸಂಜೆ ಆಲ್ತಾಬ್ ಅಲಿ ಎಂಬ ಬಂಗಾಳಿ ಯುವಕ, ಬಟ್ಟೆಯ ಕಾರ್ಖಾನೆಯ ಕೆಲಸಗಾರ, ದುಡಿತ ಮುಗಿಸಿ ಮನೆಗೆ ನಡೆದುಹೋಗುತ್ತಿದ್ದಾಗ ವೈಟ್‌ಚಾಪೆಲ್ ಬಳಿ ಮೂವರು ಹುಡುಗರು ಅವನನ್ನು ಇರಿದು ಕೊಂದರು. ಅವರಿಗೂ ಅವನಿಗೂ ಯಾವ ಹಗೆಯೂ ಇರಲಿಲ್ಲ. ಕೆಲವು ದಿನಗಳ ಮೇಲೆ ಸಾವಿರಾರು ಜನ ಅವನ ಶವಪೆಟ್ಟಿಗೆಯ ಹಿಂದೆ ಪ್ರಧಾನಿಯ ಮನೆಯವರೆಗೆ ನಡೆದರು. ಅಂದು ನಡೆದವರಲ್ಲಿ ಅನೇಕರಿಗೆ ಒಂದು ವಿಷಯ ಮನದಟ್ಟಾಯಿತು: ಮೆರವಣಿಗೆಯಲ್ಲಿ ನಡೆದರೆ ಸಾಲದು, ಪೌರಸಭೆಯ ಒಳಗೂ ಹೋಗಿ ಕೂರಬೇಕು. 1982ರಲ್ಲಿ ಸ್ಪಿಟಲ್‌ಫೀಲ್ಡ್ಸ್ ವಾರ್ಡಿನಿಂದ ಬಂಗಾಳಿಯೊಬ್ಬರು ಯಾವ ಪಕ್ಷದ ಬೆಂಬಲವೂ ಇಲ್ಲದೆ ನಿಂತು ಗೆದ್ದರು. ಆ ಯುವಕನು ಬಿದ್ದ ಜಾಗದ ಉದ್ಯಾನಕ್ಕೆ 1998ರಿಂದ ಅವನದೇ ಹೆಸರು.

ಹಗೆಯೂ ಬಾಗಿಲು ತಟ್ಟಬಲ್ಲದು. 1993ರ ಸೆಪ್ಟೆಂಬರಿನಲ್ಲಿ ಅದೇ ಬರೊವಿನ ಮಿಲ್‌ವಾಲ್ ವಾರ್ಡಿನ ಉಪಚುನಾವಣೆಯಲ್ಲಿ, ವಲಸೆಬಂದವರನ್ನು ದ್ವೇಷಿಸುವ ಪಕ್ಷವೊಂದರ ಉಮೇದುವಾರ 7 ಮತಗಳ ಅಂತರದಿಂದ ಗೆದ್ದನು. ಹಡಗುಕಟ್ಟೆಗಳು ಮುಚ್ಚಿ ಕೆಲಸ ಕಳೆದುಕೊಂಡ ಜನ, ತಮ್ಮ ಮಕ್ಕಳಿಗೆ ಬಾಡಿಗೆ ಮನೆ ಸಿಗದೆ ಬೇಯುತ್ತಿದ್ದ ಜನ ಅಲ್ಲಿದ್ದರು. ಅವರ ಬಾಗಿಲಿಗೆ ದೊಡ್ಡ ಪಕ್ಷಗಳವರು ಹೋಗುವುದನ್ನು ಮರೆತಿದ್ದರು, ಇವರು ಹೋದರು. ಮನೆ ಸಿಗದಿರುವುದಕ್ಕೆ ಮನೆಗಳನ್ನು ಕಟ್ಟದಿರುವುದು ಕಾರಣವೆನ್ನದೆ, ಪಕ್ಕದ ಬಂಗಾಳಿಯೇ ಕಾರಣವೆಂದರು. 1994ರ ಮೇ ತಿಂಗಳಿನಲ್ಲಿ ಸಾಮಾನ್ಯ ಚುನಾವಣೆ ಬಂದಾಗ, ಮನೆಯಲ್ಲಿ ಕುಳಿತುಬಿಡುತ್ತಿದ್ದವರೂ ಎದ್ದು ಮತಗಟ್ಟೆಗೆ ಬಂದರು. ಆ ಮನುಷ್ಯ ಸೋತನು. ಎರಡು ಸಲವೂ ಫಲವನ್ನು ನಿಶ್ಚಯಿಸಿದ್ದು ಒಂದೇ: ಯಾರು ಯಾರ ಬಾಗಿಲಿಗೆ ಹೋದರು ಎಂಬುದು.

ಇನ್ನೊಂದು ಅಪಾಯವನ್ನೂ ಹೇಳಬೇಕು. ನಮ್ಮವರು ಎಂಬ ಮಾತು ದುರ್ಬಲರಿಗೆ ಊರುಗೋಲು; ಅದನ್ನು ಅಧಿಕಾರಕ್ಕೆ ಮೆಟ್ಟಿಲಾಗಿಯೂ ಮಾಡಿಕೊಳ್ಳಬಹುದು. ಬ್ರಿಕ್ ಲೇನ್ ಸೇರಿರುವ ಟವರ್ ಹ್ಯಾಮ್ಲೆಟ್ಸ್ ಬರೊವಿನಲ್ಲಿ 2014ರಲ್ಲಿ ನಡೆದ ಮೇಯರ್ ಚುನಾವಣೆಯನ್ನು ಅಕ್ರಮಗಳು ನಡೆದುವೆಂದು ಚುನಾವಣಾ ನ್ಯಾಯಾಲಯ 2015ರ ಏಪ್ರಿಲಿನಲ್ಲಿ ರದ್ದುಗೊಳಿಸಿ, ಗೆದ್ದಿದ್ದ ಮೇಯರರು ಐದು ವರ್ಷ ಚುನಾವಣೆಗೆ ನಿಲ್ಲಬಾರದೆಂದು ತೀರ್ಪಿತ್ತಿತು. ಮತದಾರರ ಮೇಲೆ ಧರ್ಮದ ಹೆಸರಿನಲ್ಲಿ ಒತ್ತಡ ತಂದರೆಂಬುದು ಆ ತೀರ್ಪಿನ ಒಂದು ಅಂಶ. ಆ ಮೇಯರರೇ 2022ರಲ್ಲಿ ಮತ್ತೆ ನಿಂತು ಗೆದ್ದರು. ನ್ಯಾಯಾಲಯ ಒಂದನ್ನು ಕಂಡಿತು, ಮತದಾರರು ಇನ್ನೊಂದನ್ನು ಕಂಡರು. ಇದರ ಸರಿ ತಪ್ಪುಗಳನ್ನು ಇಲ್ಲಿಂದ ತೂಗುವುದು ನಮ್ಮ ಕೆಲಸವಲ್ಲ. ಆದರೆ ನಮ್ಮವನೆಂಬ ಒಂದೇ ಕಾರಣಕ್ಕಾಗಿ ಮತ ಹಾಕುವುದು, ನಮ್ಮವನಲ್ಲವೆಂಬ ಒಂದೇ ಕಾರಣಕ್ಕಾಗಿ ಮತ ಹಾಕದಿರುವುದು—ಇವೆರಡೂ ಒಂದೇ ಗಿಡದ ಕಾಯಿಗಳೆಂಬುದು ನಮ್ಮ ನಾಡಿನ ಚುನಾವಣೆಗಳನ್ನು ಕಂಡವರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ.

ಕನ್ನಡಿಗರಿಗೂ ಈ ಕಥೆಯಲ್ಲಿ ಒಂದು ಪಾಲಿದೆ. ಕಲಬುರಗಿ ಜಿಲ್ಲೆಯಿಂದ ಹೋದ ವೈದ್ಯ ಡಾಕ್ಟರ್ ನೀರಜ್ ಪಾಟೀಲರು ಥೇಮ್ಸ್ ದಂಡೆಯ ಲ್ಯಾಂಬೆತ್ ಬರೊವಿನ ಪೌರಸಭೆಗೆ ಆರಿಸಿಬಂದು, 2010ರಲ್ಲಿ ಅಲ್ಲಿಯ ಮೇಯರಾದರು. ಆ ಬರೊವಿನಲ್ಲಿ ಕೆರಿಬಿಯನ್ ದ್ವೀಪಗಳವರು, ಆಫ್ರಿಕದವರು, ಪೋರ್ಚುಗೀಸರು ಬಹಳ ಮಂದಿ. ಕನ್ನಡಿಗರ ಮತಗಳನ್ನೇ ನಂಬಿ ಅಲ್ಲಿ ಯಾರೂ ಗೆಲ್ಲಲಾರರು. ಹಾಗೆ ಗೆಲ್ಲಲಾರದಿರುವುದೇ ಒಂದು ದೊಡ್ಡ ಶಿಕ್ಷಣವಲ್ಲವೆ? ಅವರ ಪ್ರಯತ್ನದಿಂದ ಅದೇ ಲ್ಯಾಂಬೆತ್‌ನಲ್ಲಿ, ಪಾರ್ಲಿಮೆಂಟಿನ ಎದುರಿನ ದಂಡೆಗೆ ಸೇರಿದಂತೆ, ಬಸವೇಶ್ವರರ ಪ್ರತಿಮೆ ಏರ್ಪಟ್ಟಿತು. 2015ರ ನವೆಂಬರ್ 14ರಂದು ಭಾರತದ ಪ್ರಧಾನಿಯವರು ಅದನ್ನು ಅನಾವರಣಮಾಡಿದರು. ಬಂದವನನ್ನು ಯಾರವನೆಂದು ಕೇಳದೆ ಮನೆಯ ಮಗನಾಗಿ ಕಾಣಬೇಕೆಂಬುದು ಕನ್ನಡದ ಮಕ್ಕಳೆಲ್ಲ ಶಾಲೆಯಲ್ಲಿ ಕಲಿಯುವ ಬಸವಣ್ಣನವರ ವಚನದ ಆಶಯ. ಆ ಪ್ರಶ್ನೆಯನ್ನೇ ದಿನವೂ ಎದುರಿಸುವ ಜನರ ಊರಿನಲ್ಲಿ ಅವರು ಹೋಗಿ ನಿಂತಿರುವುದು ಉಚಿತವಾಗಿಯೇ ಇದೆ.

ಆದರೆ ಪ್ರತಿಮೆಯಿಂದ ಪ್ರಶ್ನೆ ತೀರುವುದಿಲ್ಲ. ಮುಂದಿನ ಚುನಾವಣೆಯಲ್ಲಿ ಹೊಸ ಮುಖದ ಉಮೇದುವಾರನೊಬ್ಬ ಮಳೆಯಲ್ಲಿ ನೆನೆದುಕೊಂಡು ಮೆಟ್ಟಿಲೇರಿ ಬಾಗಿಲು ತಟ್ಟುತ್ತಾನೆ. ಬಾಗಿಲು ಅರ್ಧ ತೆರೆಯುತ್ತದೆ. ಕಣ್ಣುಗಳು ಅದನ್ನೇ ಕೇಳುತ್ತವೆ. ಷಾ, ಆರ್ಚರ್, ಕತಿಯಾಲ್, ಮೆನನ್ ಇವರೆಲ್ಲರ ಬಾಳಿನಿಂದ ಆ ಉಮೇದುವಾರ ಕಲಿಯಬಹುದಾದ ಉತ್ತರ ಒಂದೇ ಎಂದು ನಮಗೆ ತೋರುತ್ತದೆ: “ನಾನು ಎಲ್ಲಿಯವನೋ ಇರಲಿ, ಈಗ ನಿಮ್ಮ ಬೀದಿಯವನು. ನಿಮ್ಮ ಮೋರಿ ನನ್ನ ಮೋರಿ. ನಿಮ್ಮ ಕಷ್ಟ ಹೇಳಿ, ಬರೆದುಕೊಳ್ಳುತ್ತೇನೆ.” ಆ ಮಾತು ನಿಜವೋ ಅಲ್ಲವೋ ಎಂಬುದು ಚುನಾವಣೆಯ ದಿನ ಗೊತ್ತಾಗುವುದಿಲ್ಲ. ಗೆದ್ದ ಮೇಲೆ, ಇನ್ನೊಂದು ಚಳಿಗಾಲದಲ್ಲಿ, ಯಾರೂ ಮತ ಕೇಳದ ಕಾಲದಲ್ಲಿ ಅವನು ಅದೇ ಬಾಗಿಲಿಗೆ ಮತ್ತೆ ಬಂದಾಗ ಗೊತ್ತಾಗುತ್ತದೆ.

ನಮ್ಮ ಊರುಗಳೂ ಈಗ ಒಂದೇ ಮಾತಿನ ಊರುಗಳಾಗಿ ಉಳಿದಿಲ್ಲ. ನಾಳೆ ನಮ್ಮ ಮನೆಯ ಬಾಗಿಲನ್ನೂ ಯಾರೋ ತಟ್ಟುತ್ತಾರೆ. ಅವನು ಯಾವ ಕಡೆಯವನೆಂದು ಕೇಳುವ ಮೊದಲು, ನಮ್ಮ ಬೀದಿಯ ದೀಪ ಎಷ್ಟು ದಿನದಿಂದ ಉರಿಯುತ್ತಿಲ್ಲವೆಂಬುದು ಅವನಿಗೆ ಗೊತ್ತೆ ಎಂದು ಕೇಳಿನೋಡೋಣ.